ಎಲ್ಲಾ ಸೇರಿ ಇಷ್ಟು

‘ಎಲ್ಲಾ ಸೇರಿ ಎಷ್ಟು?’ ಎಂದು ಕೇಳದೆ ನಮ್ಮ ಹೆಣ್ಣುಮಕ್ಕಳು ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಕೊಳ್ಳುವುದಿಲ್ಲ. ಬಿಡಿಬಿಡಿಯಾಗಿ ಬೆಲೆ ಹೇಳುವವರನ್ನು ಕಂಡರೆ ನಮಗೆ ಗುಮಾನಿ. ಸೀರೆಯ ಬೆಲೆ ಬೇರೆ, ಫಾಲ್ಸ್ ಹಚ್ಚುವುದು ಬೇರೆ, ಕುಚ್ಚು ಕಟ್ಟುವುದು ಬೇರೆ ಎಂದರೆ ಸೀರೆಯನ್ನು ಮಡಿಸಿಟ್ಟು ಎದ್ದು ಬರುತ್ತೇವೆ. ಆದರೆ ಅಂಗಡಿಯವನೇ ತಾನಾಗಿ ‘ಅಮ್ಮಾ, ಎಲ್ಲಾ ಸೇರಿ ಇಷ್ಟೇ, ಇನ್ನು ಒಂದು ಪೈಸೆಯೂ ಕೊಡಬೇಕಾಗಿಲ್ಲ’ ಎಂದುಬಿಟ್ಟರೆ ಗುಮಾನಿ ಇಮ್ಮಡಿಯಾಗುತ್ತದೆ. ಇಷ್ಟೆಲ್ಲ ಸೇರಿಸಿ ಕೊಟ್ಟರೆ ಇವನಿಗೆ ಉಳಿಯುವುದೇನು ಎಂಬ ಪ್ರಶ್ನೆ ಏಳುತ್ತದೆ.

ಈಗ ಸಣ್ಣಪುಟ್ಟ ಊರುಗಳಲ್ಲೂ ದಿನಪತ್ರಿಕೆಯ ಮಡಿಕೆಯಿಂದ ಕರಪತ್ರಗಳು ಉದುರುತ್ತವೆ. ಕಾಶಿ, ಚಾರ್‌ಧಾಮ್, ಕಾಶ್ಮೀರ, ದುಬೈ, ಸಿಂಗಪುರ. ಊಟ, ವಸತಿ, ವಾಹನ, ಗೈಡು ಎಲ್ಲಾ ಸೇರಿ ತಲೆಗೆ ಇಷ್ಟು. ಬಿಡುವಿನ ವೇಳೆಯಲ್ಲಿ ನಾಲ್ಕು ಜನ ಹೆಂಗಸರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಇಂಥ ಪ್ಯಾಕೇಜಿಗೆ ಹಣ ಕಟ್ಟುವುದು ಲಾಭವೋ, ನಷ್ಟವೋ? ಹೇಳಿಕೇಳಿ ನಾನು ಮಕ್ಕಳಿಗೆ ಇತಿಹಾಸದ ಪಾಠ ಹೇಳುವವಳು. ಯಾವುದೇ ಪ್ರಶ್ನೆ ಬಂದರೂ ಅದರ ಬೇರು ಎಲ್ಲಿದೆ ಎಂದು ಹುಡುಕುವ ಚಟ ನನ್ನದು. ಈ ‘ಎಲ್ಲಾ ಸೇರಿ’ ಪ್ರವಾಸದ ಬೇರು ಹುಡುಕಿಕೊಂಡು ಹೊರಟರೆ ನಾವು ಇಂಗ್ಲೆಂಡಿನ ಲೆಸ್ಟರ್ ಎಂಬ ಊರಿಗೆ ಹೋಗಿ ನಿಲ್ಲುತ್ತೇವೆ.

ಥಾಮಸ್ ಕುಕ್ ಹುಟ್ಟಿದ್ದು 1808ರಲ್ಲಿ, ಬಡವರ ಮನೆಯಲ್ಲಿ. ಮರಗೆಲಸ ಮಾಡಿ ಬದುಕಿದವನು, ಬ್ಯಾಪ್ಟಿಸ್ಟ್ ಪಂಥದ ಧರ್ಮಪ್ರಚಾರಕ. ಹೆಂಡದ ಕಡುವೈರಿ. ದುಡಿಯುವ ಗಂಡಸರು ವಾರದ ಕೂಲಿಯನ್ನು ಹೆಂಡದಂಗಡಿಗೆ ಸುರಿದು ಬರುವುದನ್ನೂ ಮನೆಯಲ್ಲಿ ಹೆಂಗಸರು ಮಕ್ಕಳು ಉಪವಾಸ ಬೀಳುವುದನ್ನೂ ಕಂಡವನು. ಅವರಿಗೆ ಹೆಂಡಕ್ಕಿಂತ ಒಳ್ಳೆಯ ಸಂತೋಷವೊಂದನ್ನು ತೋರಿಸಬೇಕು ಎಂಬುದು ಅವನ ಹಂಬಲ. ಆಗಷ್ಟೇ ರೈಲು ಬಂದಿತ್ತು. 1841ರ ಜುಲೈ 5ರಂದು ಅವನು ಒಂದು ವಿಶೇಷ ರೈಲನ್ನು ಗೊತ್ತುಮಾಡಿ ಸುಮಾರು 500 ಜನರನ್ನು ಲೆಸ್ಟರಿನಿಂದ ಲಫ್‌ಬರೋ ಎಂಬ ಊರಿಗೆ, ಹತ್ತು ಹನ್ನೆರಡು ಮೈಲಿ ದೂರ, ಕರೆದುಕೊಂಡು ಹೋದ. ಹೋಗಿ ಬರುವುದಕ್ಕೆ ತಲೆಗೆ ಒಂದು ಶಿಲ್ಲಿಂಗ್. ಅಲ್ಲಿ ಒಂದು ತೋಟದಲ್ಲಿ ಚಹಾ, ಆಟ, ಪಾನನಿಷೇಧದ ಭಾಷಣ; ಸಂಜೆ ಮತ್ತೆ ಮನೆಗೆ. ವಿಶೇಷ ರೈಲು ಓಡಿಸಿದವರಲ್ಲಿ ಕುಕ್ಕನೇ ಮೊದಲಿಗನೇನಲ್ಲ. ಆದರೆ ಜನರ ಪರವಾಗಿ ತಾನು ಮುಂದೆ ನಿಂತು, ಸಗಟು ದರದಲ್ಲಿ ಮಾತಾಡಿ, ಒಂದೇ ಬೆಲೆಗೆ ಎಲ್ಲವನ್ನೂ ಹೊಂದಿಸಿ ಕೊಡುವುದನ್ನು ಒಂದು ಕಸುಬಾಗಿ ಬೆಳೆಸಿದವನು ಅವನೇ.

ಇದೇ ಕಾಲದ ನಮ್ಮ ನಾಡನ್ನು ಸ್ವಲ್ಪ ನೆನೆಯಿರಿ. ಏನುಗುಲ ವೀರಾಸ್ವಾಮಿ ಎಂಬ ತೆಲುಗು ಗೃಹಸ್ಥರು, ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದವರು, 1830ರ ಮೇ ತಿಂಗಳಲ್ಲಿ ಕಾಶಿಗೆ ಹೊರಟರು. ಮರಳಿ ಬಂದದ್ದು 1831ರ ಸೆಪ್ಟೆಂಬರಿನಲ್ಲಿ. ಜೊತೆಯಲ್ಲಿ ಮನೆಯವರು, ಪಲ್ಲಕ್ಕಿ ಹೊರುವವರು, ಆಳುಕಾಳು ಎಲ್ಲ ಸೇರಿ ಸುಮಾರು ನೂರು ಮಂದಿ. ಅವರು ಬರೆದಿಟ್ಟ ಯಾತ್ರೆಯ ದಿನಚರಿ 1838ರಲ್ಲಿ ಅಚ್ಚಾಯಿತು. ಅಂದರೆ ಅನುಕೂಲಸ್ಥನಾದವನು ದೂರ ಪ್ರಯಾಣ ಮಾಡಬೇಕಾದರೆ ತನ್ನ ‘ಎಲ್ಲಾ ಸೇರಿ’ ವ್ಯವಸ್ಥೆಯನ್ನು ತಾನೇ ಬೆನ್ನಿಗೆ ಕಟ್ಟಿಕೊಂಡು ಹೋಗಬೇಕಿತ್ತು. ಅನುಕೂಲವಿಲ್ಲದವರು ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಮರಳಿ ಬಂದರೆ ಪುಣ್ಯ. ಮನೆಯ ಹೆಂಗಸರು ತಾವಾಗಿ ಹೊರಡುವ ಮಾತು ದೂರವೇ ಉಳಿಯಿತು. ಪ್ರಯಾಣವೆಂದರೆ ಟಿಕೆಟ್ಟು, ಊಟ, ಹಾಸಿಗೆ ಮಾತ್ರವಲ್ಲ. ಹೊಣೆ ಹೊರುವವರು ಯಾರು ಎಂಬುದೇ ಅದರಲ್ಲಿ ದೊಡ್ಡ ಪ್ರಶ್ನೆ. ಕುಕ್ ಮಾರಿದ್ದು ಆ ಹೊಣೆಯನ್ನು.

1845ರಲ್ಲಿ ಅವನು ಮೊದಲ ಬಾರಿಗೆ ಲಾಭಕ್ಕಾಗಿ ಲಿವರ್‌ಪೂಲಿಗೆ ಪ್ರವಾಸ ಹೊರಡಿಸಿದ. ಮೊದಲ ದರ್ಜೆಗೆ 15 ಶಿಲ್ಲಿಂಗ್, ಎರಡನೆಯದಕ್ಕೆ 10. ದಾರಿಯಲ್ಲಿ ಏನೇನು ನೋಡಬೇಕು ಎಂದು ತಿಳಿಸುವ ಕಿರುಪುಸ್ತಕವನ್ನೂ ಬರೆದು ಕೊಟ್ಟ. 1851ರಲ್ಲಿ ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ ಒಂದೂವರೆ ಲಕ್ಷದಷ್ಟು ಜನರನ್ನು ಅಲ್ಲಿಗೆ ಕಳಿಸಿದ. ಕಾರ್ಮಿಕರು ವಾರವಾರವೂ ಇಷ್ಟಿಷ್ಟು ಕೂಡಿಹಾಕಿ ಆ ಪ್ರವಾಸಕ್ಕೆ ಹಣ ಹೊಂದಿಸಿಕೊಳ್ಳಲು ಸಂಘಗಳಿದ್ದವು. ನಮ್ಮ ಚೀಟಿ ಇದ್ದ ಹಾಗೆ. 1855ರಲ್ಲಿ ಕಡಲು ದಾಟಿ ಪ್ಯಾರಿಸ್ಸಿನ ಕಡೆಗೆ ಕರೆದೊಯ್ದ.

ಆ 1855ರ ಪ್ರವಾಸದಲ್ಲಿ ಮಟಿಲ್ಡಾ ಎಂಬಾಕೆಯೂ ಅವಳ ಸೋದರಿಯರೂ ಇದ್ದರು. ಜೊತೆಯಲ್ಲಿ ಅಪ್ಪನಿಲ್ಲ, ಅಣ್ಣನಿಲ್ಲ, ಗಂಡನಿಲ್ಲ. ಗಂಡು ದಿಕ್ಕಿಲ್ಲದೆ ಪರದೇಶಕ್ಕೆ ಹೊರಟ ಈ ಹುಡುಗಿಯರು ಬಲು ಧೈರ್ಯದವರು ಎಂದು ಪರಿಚಯದವರು ಆಡಿಕೊಂಡರಂತೆ. ಕುಕ್ಕನ ಮೇಲಿನ ನಂಬಿಕೆಯಿಂದ ಹೊರಟೆವು, ಸುಖವಾಗಿ ಬಂದೆವು ಎಂಬ ಅರ್ಥದಲ್ಲಿ ಮಟಿಲ್ಡಾ ಬರೆದಿಟ್ಟಳು.

1863ರ ಜೂನ್ ಕೊನೆಗೆ ಕುಕ್ ಸ್ವಿಟ್ಸರ್ಲೆಂಡಿಗೆ ಮೊದಲ ತಂಡವನ್ನು ಕರೆದೊಯ್ದ. ಅದರಲ್ಲಿ ಯಾರ್ಕ್‌ಷೈರ್ ಕಡೆಯ ಜೆಮೈಮಾ ಮೊರೆಲ್ ಇದ್ದಳು. ವಯಸ್ಸು ಮೂವತ್ತು ದಾಟಿದ, ಮದುವೆಯಾಗದ ಹೆಣ್ಣು. ನೆಲಕ್ಕೆ ತಾಗುವ ಲಂಗವನ್ನು ಎತ್ತಿ ಹಿಡಿದುಕೊಂಡು ಶಾಮೊನಿಯ ಹಿಮನದಿಯ ಮೇಲೆ ನಡೆದಳು. ಹೇಸರಗತ್ತೆಗಳು ಏರುವ ದಾರಿಯಲ್ಲಿ ಏರಿದಳು. ಸೂರ್ಯೋದಯ ನೋಡಲು ನಸುಕಿನಲ್ಲಿ ಎದ್ದು ರೀಗಿ ಬೆಟ್ಟದ ಮೇಲೆ ನಿಂತಳು. ಮೂರು ವಾರದ ಆ ಪ್ರವಾಸಕ್ಕೆ ಅವಳಿಗೆ ಆದ ಖರ್ಚು ಹತ್ತಿರ ಹತ್ತಿರ 20 ಪೌಂಡು. ಜೊತೆಗಾರರಿಗಾಗಿ ಅವಳು ಬರೆದ ದಿನಚರಿ ಎಲ್ಲೋ ಕಳೆದುಹೋಗಿ, ಎರಡನೆಯ ಮಹಾಯುದ್ಧದ ಬಾಂಬಿಗೆ ಹಾಳಾದ ಲಂಡನ್ನಿನ ಒಂದು ಉಗ್ರಾಣದಲ್ಲಿ ಸಿಕ್ಕಿ, ಪ್ರವಾಸದ ನೂರನೆಯ ವರ್ಷವಾದ 1963ರಲ್ಲಿ ಪುಸ್ತಕವಾಯಿತು. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೊಂದು ಸಂಗತಿ. ನಡುದಾರಿಯಲ್ಲಿ ಕುಕ್ ಹಿಂದಿರುಗಿಬಿಟ್ಟ. ಜೆಮೈಮಾ ಮತ್ತು ಅವಳ ಗೆಳೆಯ ಗೆಳತಿಯರು ಹೆದರಲಿಲ್ಲ. ಉಳಿದ ದಾರಿಯನ್ನು ತಾವೇ ಮುಗಿಸಿಕೊಂಡು ಬಂದರು.

ಇಂಥ ಪ್ರವಾಸಿಗರನ್ನು ನೋಡಿ ನಗುವವರು ಆಗಲೂ ಇದ್ದರು. ಇಟಲಿಯಲ್ಲಿ ಬ್ರಿಟಿಷ್ ಸರ್ಕಾರದ ವೈಸ್ ಕಾನ್ಸಲ್ ಆಗಿದ್ದ ಚಾರ್ಲ್ಸ್ ಲೀವರ್ ಎಂಬ ಕಾದಂಬರಿಕಾರ 1865ರಲ್ಲಿ ಕುಕ್ಕನ ಜನರನ್ನು ಮಂದೆಗೂ ಅವರನ್ನು ಕರೆದೊಯ್ಯುವವನನ್ನು ಮಂದೆ ಕಾಯುವ ನಾಯಿಗೂ ಹೋಲಿಸಿ ಬರೆದ. ಕುಕ್ ಸುಮ್ಮನಿರಲಿಲ್ಲ. ಒಳ್ಳೆಯ ನೋಟಗಳೆಲ್ಲ ಸಿರಿವಂತರಿಗೇ ಮೀಸಲಾಗಿರಬೇಕೇ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟ. ಇವತ್ತಿಗೂ ಒಂದೇ ಬಣ್ಣದ ಟೋಪಿ ಹಾಕಿಕೊಂಡು ಬಾವುಟದ ಹಿಂದೆ ನಡೆಯುವ ಗುಂಪನ್ನು ಕಂಡು ಮೂಗು ಮುರಿಯುವವರಿದ್ದಾರೆ. ಬೇಕೆಂದಾಗ ಕಾರು ತೆಗೆದುಕೊಂಡು ಹೊರಡಬಲ್ಲವರಿಗೆ ಹಾಗೆ ನಗುವುದು ಸುಲಭ. ಆ ಟೋಪಿಯ ಕೆಳಗೆ ಮನೆಯ ಹೊಸ್ತಿಲು ದಾಟಲು ಹತ್ತು ವರ್ಷ ಕಾದ ತಲೆಯೊಂದು ಇರಬಹುದು.

1868ರಿಂದ ಕುಕ್ ಹೋಟೆಲ್ ಕೂಪನ್ನುಗಳನ್ನು ತಂದ. ಊರಿನಲ್ಲೇ ಹಣ ಕಟ್ಟಿ ಚೀಟಿ ಕೊಂಡರೆ ಸಾಕು. ಪರದೇಶದ ಹೋಟೆಲಿನಲ್ಲಿ ಆ ಚೀಟಿ ಕೊಟ್ಟು ಊಟ ಮಾಡಬಹುದು, ಮಲಗಬಹುದು. ಗೊತ್ತಿಲ್ಲದ ಭಾಷೆಯಲ್ಲಿ ಗೊತ್ತಿಲ್ಲದ ನಾಣ್ಯ ಎಣಿಸುವ ತಾಪತ್ರಯ ತಪ್ಪಿತು. 1869ರಲ್ಲಿ ನೈಲ್ ನದಿಗೆ ಜನರನ್ನು ಕರೆದೊಯ್ದ. 1872ರಲ್ಲಿ ಹೊರಟು ಅಮೆರಿಕ, ಜಪಾನ್, ಚೀನಾ, ಭಾರತದ ಮೇಲೆ ಹಾದು 222 ದಿನಗಳಲ್ಲಿ ಜಗತ್ತು ಸುತ್ತಿ ಬಂದ.

ನಮ್ಮ ದೇಶಕ್ಕೂ ಅವನ ಕಂಪನಿಗೂ ಇನ್ನೊಂದು ನಂಟಿದೆ. ಆಗ ಹಜ್ ಯಾತ್ರೆಗೆ ಹಡಗಿನಲ್ಲಿ ಹೋಗುತ್ತಿದ್ದ ಬಡ ಯಾತ್ರಿಕರ ಪಾಡು ಹೇಳತೀರದು. 1880ರ ಆಗಸ್ಟಿನಲ್ಲಿ ‘ಜೆಡ್ಡಾ’ ಎಂಬ ಹಡಗು ಸುಮಾರು ಸಾವಿರ ಯಾತ್ರಿಕರನ್ನು ತುಂಬಿಕೊಂಡು ಸಿಂಗಪುರದ ಕಡೆಯಿಂದ ಮೆಕ್ಕಾ ದಾರಿಯಲ್ಲಿತ್ತು. ಬಿರುಗಾಳಿಗೆ ಸಿಕ್ಕಿ ನೀರು ನುಗ್ಗತೊಡಗಿದಾಗ ಕ್ಯಾಪ್ಟನ್ನನೂ ಅಧಿಕಾರಿಗಳೂ ರಾತ್ರಿ ದೋಣಿಯಲ್ಲಿ ಇಳಿದು ತಪ್ಪಿಸಿಕೊಂಡರು. ಬೇರೊಂದು ಹಡಗು ಅವರನ್ನು ಏಡನ್ ಬಂದರಿಗೆ ತಂದಾಗ, ಜನರೆಲ್ಲ ಮುಳುಗಿಹೋದರು ಎಂದು ಹೇಳಿದರು. ಮರುದಿನ ಅದೇ ಬಂದರಿಗೆ ಇನ್ನೊಂದು ಹಡಗು ಆ ‘ಮುಳುಗಿದ’ ಜೆಡ್ಡಾವನ್ನು ಎಳೆದುಕೊಂಡು ಬಂತು, ಯಾತ್ರಿಕರ ಸಮೇತ! ಹಣ ತೆಗೆದುಕೊಂಡವರು ನಡುನೀರಿನಲ್ಲಿ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಯಾತ್ರಿಕರ ಇಂಥ ಗೋಳಿನ ಹಿನ್ನೆಲೆಯಲ್ಲಿ 1886ರಲ್ಲಿ ಭಾರತ ಸರ್ಕಾರ ಹಜ್ ಪ್ರಯಾಣದ ಏರ್ಪಾಟನ್ನು ಕುಕ್ ಕಂಪನಿಗೆ ವಹಿಸಿತು. ಲಾಭ ಹುಟ್ಟದೆ ಕೆಲವೇ ವರ್ಷಗಳಲ್ಲಿ ಕಂಪನಿ ಅದನ್ನು ಬಿಟ್ಟುಕೊಟ್ಟಿತು. ಲಾಭವಿಲ್ಲದ ಕಡೆ ಹೊಣೆ ಹೊರಲು ವ್ಯಾಪಾರಿ ಬಹಳ ದಿನ ನಿಲ್ಲುವುದಿಲ್ಲ, ಅದು ಸಹಜ.

ಇನ್ನು ಅಡುಗೆಯ ವಿಷಯಕ್ಕೆ ಬರೋಣ. ಹೆಂಗಸರಿಗೆ ಪ್ರವಾಸವೆಂದರೆ ಮೊದಲು ಒಲೆಯಿಂದ ಬಿಡುಗಡೆ. ಇಂಗ್ಲೆಂಡಿನ ಗಿರಣಿ ಊರುಗಳ ಕೆಲಸಗಾರರು ವರ್ಷಕ್ಕೊಮ್ಮೆ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿಗೆ ಹೋಗುತ್ತಿದ್ದರು. ಅಲ್ಲಿನ ವಸತಿಗೃಹಗಳನ್ನು ನಡೆಸುತ್ತಿದ್ದವರೂ ಹೆಂಗಸರೇ. ಬಹಳ ಕಾಲ ಅಲ್ಲಿ ಒಂದು ಪದ್ಧತಿ ಇತ್ತು: ಬಂದವರು ತಮ್ಮ ಮಾಂಸ, ರೊಟ್ಟಿ, ತರಕಾರಿಯನ್ನು ತಾವೇ ಪೇಟೆಯಿಂದ ತಂದುಕೊಡಬೇಕು, ಮನೆಯೊಡತಿ ಬೇಯಿಸಿಕೊಡುತ್ತಾಳೆ. ರಜೆಗೆ ಹೋದ ಗೃಹಿಣಿ ಬೆಳಗಾದರೆ ಚೀಲ ಹಿಡಿದು ಪೇಟೆಗೆ ಹೋಗಬೇಕು, ಇದೆಂಥ ರಜೆ! ಸಾಲದೆಂಬಂತೆ ಮೇಜಿನ ಮೇಲಿನ ಉಪ್ಪು ಮೆಣಸಿನ ಬಟ್ಟಲಿಗೂ ಬೇರೆ ದುಡ್ಡು ಹಾಕುವವರಿದ್ದರು. ಇವತ್ತಿನ ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ಇರುವ ‘ಇತರೆ ಶುಲ್ಕ’ದ ಅಜ್ಜಿ ಈ ಉಪ್ಪಿನ ಬಟ್ಟಲು.

1936ರಲ್ಲಿ ಬಿಲ್ಲಿ ಬಟ್ಲಿನ್ ಎಂಬಾತ ಸ್ಕೆಗ್ನೆಸ್ ಎಂಬಲ್ಲಿ ರಜಾ ಶಿಬಿರ ತೆರೆದ. ಮಳೆಗಾಲದಲ್ಲಿ ವಸತಿಗೃಹದ ಒಡತಿಯರು ಊಟದ ಹೊತ್ತಿನವರೆಗೆ ಅತಿಥಿಗಳನ್ನು ಹೊರಗೆ ಕಳಿಸಿಬಿಡುವುದನ್ನೂ, ಸಂಸಾರಗಳು ಮಕ್ಕಳೊಂದಿಗೆ ನೆನೆಯುತ್ತ ಬೀದಿಯಲ್ಲಿ ಅಲೆಯುವುದನ್ನೂ ಅವನು ನೋಡಿದ್ದನಂತೆ. ಅವನ ಶಿಬಿರದಲ್ಲಿ ಒಂದು ವಾರಕ್ಕೆ ಕಾಲಕ್ಕೆ ತಕ್ಕಂತೆ 35 ಶಿಲ್ಲಿಂಗಿನಿಂದ 3 ಪೌಂಡು. ಚಿಕ್ಕ ಮನೆ, ದಿನಕ್ಕೆ ಮೂರು ಊಟ, ಆಟ, ಮನರಂಜನೆ ಎಲ್ಲಾ ಸೇರಿ. ಒಂದು ವಾರದ ಸಂಬಳಕ್ಕೆ ಒಂದು ವಾರದ ರಜೆ ಎಂಬುದು ಅವನ ಘೋಷಣೆ. 1938ರಲ್ಲಿ ಸಂಬಳ ಸಹಿತ ರಜೆಯ ಕಾಯಿದೆ ಬಂದಾಗ ಇಂಥ ಶಿಬಿರಗಳಿಗೆ ಬೇಡಿಕೆ ಇನ್ನೂ ಏರಿತು. ಎಷ್ಟೋ ತಾಯಂದಿರು ಮದುವೆಯಾದ ಮೇಲೆ ಮೊದಲ ಬಾರಿಗೆ ಬೇರೆಯವರು ಬಡಿಸಿದ ಊಟವನ್ನು ಒಂದು ವಾರ ಪೂರ್ತಿ ಕುಳಿತು ಉಂಡಿರಬೇಕು.

1950ನೆಯ ಇಸವಿ ಈ ಕಥೆಯಲ್ಲಿ ವಿಶೇಷವಾದದ್ದು. ಆ ವರ್ಷ ವ್ಲಾಡಿಮಿರ್ ರೈಟ್ಸ್ ಎಂಬ ರಷ್ಯಾ ಮೂಲದ ತರುಣ ಲಂಡನ್ನಿನಿಂದ ಕಾರ್ಸಿಕಾ ದ್ವೀಪಕ್ಕೆ ವಿಮಾನದಲ್ಲಿ ಜನರನ್ನು ಕರೆದೊಯ್ದ. ವಿಮಾನ, ಡೇರೆ, ಊಟ ಎಲ್ಲಾ ಸೇರಿ 32 ಪೌಂಡು 10 ಶಿಲ್ಲಿಂಗ್. ಆ ಸೀಮೆಗೆ ಬರಿಯ ವಿಮಾನದ ಟಿಕೆಟ್ಟಿಗೇ ಆಗ ಅದಕ್ಕಿಂತ ಹೆಚ್ಚು ಬೀಳುತ್ತಿತ್ತು. ಸರ್ಕಾರ ಅವನಿಗೆ ಪರವಾನಗಿ ಕೊಡುವಾಗ ಒಂದು ಷರತ್ತು ಹಾಕಿತು: ವಿದ್ಯಾರ್ಥಿಗಳನ್ನೂ ಶಾಲಾ ಶಿಕ್ಷಕರನ್ನೂ ಮಾತ್ರ ಕರೆದೊಯ್ಯಬೇಕು. ವಿಮಾನದ ಪ್ಯಾಕೇಜಿನ ಮೊದಲ ಗಿರಾಕಿಗಳಲ್ಲಿ ನಮ್ಮ ಮೇಷ್ಟ್ರುಗಳ ಕುಲದವರೂ ಇದ್ದರು ಎಂದು ಓದಿದಾಗ ನನಗೆ ನಗುವೂ ಬಂತು, ಹೆಮ್ಮೆಯೂ ಆಯಿತು. ಅದೇ ವರ್ಷ ಬೆಲ್ಜಿಯಂ ದೇಶದ ಜೆರಾರ್ ಬ್ಲಿಟ್ಸ್ ಮಜೋರ್ಕಾ ದ್ವೀಪದಲ್ಲಿ ಯುದ್ಧದಲ್ಲಿ ಉಳಿದ ಡೇರೆಗಳನ್ನು ಹಾಕಿ ‘ಕ್ಲಬ್ ಮೆಡ್’ ಆರಂಭಿಸಿದ. ಅಲ್ಲಿ ಜೇಬಿನಲ್ಲಿ ಹಣ ಇಟ್ಟುಕೊಳ್ಳುವ ಅಗತ್ಯವಿಲ್ಲ ಎಂಬುದೇ ಆಕರ್ಷಣೆ. ಆದರೆ ಮುಂದೆ ಅಲ್ಲಿ ಪಾನೀಯಕ್ಕೆ ಬಣ್ಣದ ಮಣಿಗಳನ್ನು ಕೊಡುವ ಪದ್ಧತಿ ಬಂತು. ಕೊರಳಲ್ಲಿ ಮಣಿಸರ, ಒಂದು ಲೋಟಕ್ಕೆ ಇಷ್ಟು ಮಣಿ. ಮಣಿ ಕೊಳ್ಳಲು ಮಾತ್ರ ದುಡ್ಡೇ ಬೇಕು! ಮಣಿಯಾದರೆ ಖರ್ಚು ಮಾಡಿದ ಹಾಗೆ ಅನ್ನಿಸುವುದಿಲ್ಲ. ಜಾತ್ರೆಯಲ್ಲಿ ತೊಟ್ಟಿಲು ಹತ್ತಲು ಟೋಕನ್ನು ಕೊಂಡ ಮಕ್ಕಳು ಎಷ್ಟು ಸುತ್ತು ಸುತ್ತಿದೆವೆಂದು ಮರೆಯುವ ಹಾಗೆ.

ಬಿದ್ದವರ ಕಥೆಯನ್ನೂ ಹೇಳಬೇಕು. 1974ರ ಆಗಸ್ಟಿನಲ್ಲಿ ಬ್ರಿಟನ್ನಿನ ಕೋರ್ಟ್ ಲೈನ್ ಎಂಬ ಕಂಪನಿ ಮುಳುಗಿ ಸಾವಿರಾರು ಪ್ರವಾಸಿಗರು ಪರದೇಶದಲ್ಲಿ ಸಿಕ್ಕಿಕೊಂಡರು. ಮರುವರ್ಷವೇ ಅಲ್ಲಿನ ಸರ್ಕಾರ ಇಂಥ ಆಪತ್ತಿಗೆಂದು ನಿಧಿಯೊಂದನ್ನು ಸ್ಥಾಪಿಸಿತು. ಒಂದು ಶಿಲ್ಲಿಂಗಿನಿಂದ ಎಲ್ಲವನ್ನೂ ಆರಂಭಿಸಿದ ಥಾಮಸ್ ಕುಕ್ ಕಂಪನಿಯೇ 178 ವರ್ಷ ಬಾಳಿ, ಸಾಲದ ಭಾರ ತಾಳದೆ 2019ರ ಸೆಪ್ಟೆಂಬರ್ 23ರಂದು ಕುಸಿಯಿತು. ಅಂದು ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರು ಹೊರದೇಶಗಳಲ್ಲಿದ್ದರು. ಅಲ್ಲಿನ ನಾಗರಿಕ ವಿಮಾನಯಾನ ಸಂಸ್ಥೆ ಬಾಡಿಗೆ ವಿಮಾನಗಳನ್ನು ಗೊತ್ತುಮಾಡಿ ಎರಡು ವಾರಗಳಲ್ಲಿ ಅವರನ್ನು ಊರಿಗೆ ಕರೆತಂದಿತು. (ಭಾರತದಲ್ಲಿ ಅದೇ ಹೆಸರಿನ ಕಂಪನಿ 2012ರಲ್ಲೇ ಬೇರೆಯವರ ಕೈಸೇರಿದ್ದರಿಂದ ಅದಕ್ಕೆ ಈ ಕುಸಿತ ತಟ್ಟಲಿಲ್ಲ.) ನಮ್ಮಲ್ಲಿ ಮೋಸವಾದರೆ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ಒಳ್ಳೆಯದೇ. ಆದರೆ ಆಯೋಗ ವಿಮಾನ ಕಳಿಸಿ ಯಾರನ್ನೂ ಕರೆತರುವುದಿಲ್ಲ. ಕೊಟ್ಟ ಹಣದ ರಸೀದಿ ಇದ್ದರೆ ಮಾತ್ರ ಅಲ್ಲಿ ಮಾತು. ನಮ್ಮ ಊರಿನಲ್ಲೇ ಒಬ್ಬರು ಯಾತ್ರೆಗೆಂದು ಹಲವು ಮನೆಗಳಿಂದ ಮುಂಗಡ ಪಡೆದು, ರಾತ್ರೋರಾತ್ರಿ ಬೀಗ ಹಾಕಿಕೊಂಡು ಹೋದರು. ಹಣ ಕಳೆದುಕೊಂಡವರಲ್ಲಿ ಹೂ ಕಟ್ಟಿ ಮಾರಿ ಕೂಡಿಹಾಕಿದ್ದ ಅಜ್ಜಿಯೊಬ್ಬರಿದ್ದರು. ಅವರ ಕೈಯಲ್ಲಿ ಇದ್ದದ್ದು ಆಂಜನೇಯನ ಚಿತ್ರವಿದ್ದ ಒಂದು ಕರಪತ್ರ ಮಾತ್ರ.

ಇಷ್ಟೆಲ್ಲ ಓದಿದ್ದು ಸುಮ್ಮನೆ ಅಲ್ಲ. 2023ರಲ್ಲಿ ನಮ್ಮ ಶಾಲೆಯ ಐವರು ಹೆಂಗಸರು ದಸರಾ ರಜೆಯಲ್ಲಿ ಕಾಶಿ, ಪ್ರಯಾಗ, ಅಯೋಧ್ಯೆ, ಗಯೆ ನೋಡಿ ಬರುವುದೆಂದು ಮಾತಾಡಿಕೊಂಡೆವು. ನಮ್ಮ ಸರ್ಕಾರ 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ‘ಕಾಶಿ ದರ್ಶನ’ ರೈಲನ್ನು ಆರಂಭಿಸಿತ್ತು. ಎಂಟು ದಿನಕ್ಕೆ 20,000 ರೂಪಾಯಿ, ಅದರಲ್ಲಿ 5,000 ಸರ್ಕಾರದ್ದು. ಅದರ ದಿನಗಳು ನಮ್ಮ ರಜೆಗೆ ಹೊಂದಲಿಲ್ಲ. ಖಾಸಗಿಯವರ ಒಂಬತ್ತು ದಿನದ ಪ್ಯಾಕೇಜು ತಲೆಗೆ 41,500. ನಮ್ಮ ಗಣಿತದ ಮೇಡಂ ಹಾಳೆ ತೆಗೆದುಕೊಂಡು ಕುಳಿತರು. ಹೋಗಿ ಬರುವ ವಿಮಾನ 13,000. ಇಬ್ಬರಿಗೊಂದು ಕೋಣೆಯಂತೆ ಎಂಟು ರಾತ್ರಿಗೆ 7,200. ಊಟ ತಿಂಡಿ 4,500. ಐವರು ಹಂಚಿಕೊಂಡ ಕಾರಿನ ಬಾಡಿಗೆ 4,500. ಒಟ್ಟು 29,200. ‘ಪ್ಯಾಕೇಜಿನವರು ಹೆಚ್ಚಿಗೆ ಕೇಳುತ್ತಿರುವುದು 12,300. ಇದು ಯಾತಕ್ಕೆ?’ ಎಂದರು.

ಯಾತಕ್ಕೆ? ನಮ್ಮ ಅಡುಗೆಯವರು ಜೊತೆಗೆ ಬಂದು ಅನ್ನ ಸಾರು ಮಾಡಿ ಬಡಿಸುತ್ತಾರೆ. ಕನ್ನಡವೂ ಹಿಂದಿಯೂ ಬಲ್ಲ ಮ್ಯಾನೇಜರ್ ಇರುತ್ತಾನೆ. ಮಂಡಿ ನೋವಿನ ವಿಜ್ಞಾನದ ಮೇಡಂಗೆ ಗಾಲಿಕುರ್ಚಿ ಕೊಡಿಸುತ್ತಾನೆ. ರಾತ್ರಿ ಹೊಟ್ಟೆ ಕೆಟ್ಟರೆ ಡಾಕ್ಟರ ಬಳಿ ಕರೆದೊಯ್ಯುತ್ತಾನೆ. ಇವನ್ನೆಲ್ಲ ಬರೆದುಕೊಂಡು ಒಂದೊಂದಕ್ಕೆ ಬೆಲೆ ಕಟ್ಟಿದರೂ ಆರೇಳು ಸಾವಿರಕ್ಕಿಂತ ಮೇಲೆ ಹೋಗಲಿಲ್ಲ.

ಆಗ ಕನ್ನಡದ ಮೇಡಂ ಮೆಲ್ಲಗೆ ಹೇಳಿದರು: ‘ನೀವು ನೀವೇ ಹೋಗುವುದಾದರೆ ಹೋಗಿ ಬನ್ನಿ ಮೇಡಂ. ನನ್ನ ಮಗ ಟೂರಿನವರ ಜೊತೆಯಾದರೆ ಮಾತ್ರ ಕಳಿಸುತ್ತೇನೆ ಅಂದಿದ್ದಾನೆ.’ ಅವರಿಗೆ 57 ವರ್ಷ. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಮೂವತ್ತು ವರ್ಷ ಪಾಠ ಹೇಳಿ, ಸಂಬಳ ತಂದು, ಮಗನನ್ನು ಓದಿಸಿದವರು. ಮನೆಯವರಿಲ್ಲದೆ ಒಂದು ರಾತ್ರಿಯೂ ಹೊರಗೆ ಉಳಿದವರಲ್ಲ. ಅವರ ಪಾಲಿಗೆ ಆ 12,300 ರೂಪಾಯಿ ಅನ್ನ ಸಾರಿನ ಬೆಲೆಯಾಗಿರಲಿಲ್ಲ. ಅದು ಅನುಮತಿಯ ಬೆಲೆಯಾಗಿತ್ತು.

ಪಿ.ಟಿ. ಮೇಡಂಗೆ ಸಿಟ್ಟು ಬಂತು. ‘ಮಕ್ಕಳ ಹೆದರಿಕೆಗೆ ನಾವೇಕೆ ದುಡ್ಡು ಕೊಡಬೇಕು? ಹೋಗುತ್ತೇನೆ ಅಂತ ಹೇಳಿ ಹೊರಡಿ, ಆಮೇಲೆ ಅವರೇ ಸರಿಹೋಗುತ್ತಾರೆ’ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ನ್ಯಾಯದ ಮಾತನ್ನು ಆಡಿ ನಾವು ನಾಲ್ವರು ಕಾಶಿಗೆ ಹೋದರೆ ಕನ್ನಡದ ಮೇಡಂ ಮನೆಯಲ್ಲೇ ಉಳಿಯುತ್ತಾರೆ. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ನೆನಪಾದದ್ದು ಮಟಿಲ್ಡಾ ಮತ್ತು ಜೆಮೈಮಾ. ಅವರೂ ಕೊಂಡದ್ದು ಇದನ್ನೇ ಅಲ್ಲವೇ? ಊರಿನವರ ಬಾಯಿ ಮುಚ್ಚಿಸಲು, ಮನೆಯವರ ಎದೆ ತಣ್ಣಗಿರಿಸಲು ಒಂದು ಹೆಸರು ಬೇಕಿತ್ತು. ಹೋಗುವ ಆಸೆ, ನಡೆಯುವ ಕಾಲು, ನೋಡುವ ಕಣ್ಣು ಅವರವೇ. ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಬುರುಡೆ ಈಜುವುದಿಲ್ಲ, ಮಗುವೇ ಈಜಬೇಕು. ಆದರೆ ಬುರುಡೆ ಇಲ್ಲದೆ ತಾಯಿ ಮಗುವನ್ನು ನೀರಿಗೆ ಬಿಡುವುದಿಲ್ಲ. ‘ಈ ಸಲ ಬುರುಡೆ ಕಟ್ಟಿಕೊಂಡೇ ಹೋಗೋಣ’ ಎಂದೆ.

ಹಾಗೆಂದು ಕಣ್ಣು ಮುಚ್ಚಿ ಹಣ ಕಟ್ಟಲಿಲ್ಲ. ಇತಿಹಾಸ ಕಲಿಸಿದ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋದೆವು. ಮೊದಲನೆಯದು ಉಪ್ಪಿನ ಬಟ್ಟಲಿನ ಪ್ರಶ್ನೆ: ಯಾವುದು ಸೇರಿಲ್ಲ? ಜಿ.ಎಸ್.ಟಿ., ದೋಣಿ, ಪ್ರವೇಶದ ಟಿಕೆಟ್ಟು, ಗಯೆಯ ಪೂಜೆಯ ದಕ್ಷಿಣೆ, ಕುಡಿಯುವ ನೀರು, ಡ್ರೈವರಿನ ಭಕ್ಷೀಸು ಎಲ್ಲವನ್ನೂ ಹೆಸರು ಹಿಡಿದು ಕೇಳಿ ಬರೆಸಿಕೊಂಡೆವು. ಹೊರಗುಳಿದ ಬಾಬತ್ತು 2,800 ರೂಪಾಯಿಯಷ್ಟಿತ್ತು. ಎರಡನೆಯದು ಜೆಡ್ಡಾ ಹಡಗಿನ ಪ್ರಶ್ನೆ: ನಡುವೆ ಕೈಬಿಟ್ಟರೆ ಯಾರು? ವಿಮಾನದ ಟಿಕೆಟ್ಟು ನಮ್ಮ ಹೆಸರಿನಲ್ಲಿ ಕೈಗೆ ಬಂದ ಮೇಲೆ ಅರ್ಧ, ಹೊರಡುವ ವಾರ ಉಳಿದರ್ಧ ಎಂದು ಗೊತ್ತುಮಾಡಿದೆವು. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆದೆವು. ಮೂರನೆಯದು ಮಂದೆಯ ಪ್ರಶ್ನೆ: ನಮ್ಮ ಹೊತ್ತು ನಮಗೆಷ್ಟು? ಒಂಬತ್ತು ದಿನದಲ್ಲಿ ನಾಲ್ಕು ಊರಿನ ಇಪ್ಪತ್ತಾರು ‘ಸ್ಥಳ’ಗಳು ಪಟ್ಟಿಯಲ್ಲಿದ್ದವು. ಕಾಶಿಯಲ್ಲಿ ಒಂದು ಮಧ್ಯಾಹ್ನ ಬಿಡುವು ಬೇಕೆಂದು ಹಟ ಹಿಡಿದೆವು. ‘ಹೆಂಗಸರು ಕಳೆದುಹೋದರೆ?’ ಎಂದು ಕಚೇರಿಯ ಹುಡುಗ ಕೇಳಿದ. ‘ದಿನಾ ನಾನೂರು ಮಕ್ಕಳನ್ನು ಕಳೆಯದೆ ಕಾಯುತ್ತೇವಪ್ಪಾ’ ಎಂದರು ಪಿ.ಟಿ. ಮೇಡಂ.

ಪ್ರವಾಸ ಚೆನ್ನಾಗಿಯೇ ಆಯಿತು. ಅನ್ನ ಸಾರು ಸಿಕ್ಕಿತು, ಗಾಲಿಕುರ್ಚಿ ಸಿಕ್ಕಿತು. ಎಂಟು ಸ್ಥಳಗಳನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸಿದರು, ಅದೂ ನಿಜ. ಆ ಬಿಡುವಿನ ಮಧ್ಯಾಹ್ನ ಕನ್ನಡದ ಮೇಡಂ ಗುಂಪಿನಿಂದ ಬೇರೆಯಾಗಿ, ತಮಗೆ ಬರುವಷ್ಟು ಹಿಂದಿಯಲ್ಲಿ ರಿಕ್ಷಾದವನ ಹತ್ತಿರ ದರ ಕುದುರಿಸಿ, ಹಿಂದೂ ವಿಶ್ವವಿದ್ಯಾಲಯದ ಆವರಣವನ್ನು ಒಬ್ಬರೇ ನೋಡಿಕೊಂಡು ದೀಪ ಹಚ್ಚುವ ಹೊತ್ತಿಗೆ ಬಂದರು. ಇದು ಪ್ಯಾಕೇಜಿನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಪ್ಯಾಕೇಜಿಲ್ಲದಿದ್ದರೆ ಆಗುತ್ತಲೂ ಇರಲಿಲ್ಲ.

ಮರುವರ್ಷದ ದಸರಾ ರಜೆಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡುವ ಮಾತು ಬಂತು. ಮೂರು ದಿನದ ಪ್ಯಾಕೇಜಿಗೆ 9,000 ಕೇಳಿದರು. ಗಣಿತದ ಮೇಡಂ ಮತ್ತೆ ಹಾಳೆ ತೆಗೆದರು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳು ಉಚಿತ. ಭಾಷೆ ನಮ್ಮದು, ಜೋಳದ ರೊಟ್ಟಿಯ ಖಾನಾವಳಿಗಳು ನಮ್ಮವು, ಗುಡಿಗಳ ಕಥೆ ಹೇಳಲು ಗೈಡಿನ ಬದಲು ನಾನಿದ್ದೆ. ಅಲ್ಲಿ ಹೊಣೆ ಹೊರಿಸುವುದಕ್ಕೆ ನಮ್ಮ ಹತ್ತಿರ ಹೊಣೆಯೇ ಇರಲಿಲ್ಲ. ಕೋಣೆಗೆ ಫೋನು ಮಾಡಿ ಗೊತ್ತುಮಾಡಿದವರು ಕನ್ನಡದ ಮೇಡಂ. ತಲೆಗೆ 3,400 ರೂಪಾಯಿಯಲ್ಲಿ ಮುಗಿಯಿತು.

ಆದ್ದರಿಂದ ‘ಎಲ್ಲಾ ಸೇರಿ’ ಪ್ರವಾಸ ಲಾಭವೋ ನಷ್ಟವೋ ಎಂದು ಯಾರಾದರೂ ಕೇಳಿದರೆ, ಮೊದಲು ಬಿಡಿಬಿಡಿಯಾಗಿ ಲೆಕ್ಕ ಹಾಕಿ ನೋಡಿ ಎನ್ನುತ್ತೇನೆ. ಎರಡು ಮೊತ್ತಗಳ ನಡುವಿನ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ. ಅಷ್ಟು ಹಣಕ್ಕೆ ನಿಮ್ಮ ಯಾವ ಭಾರವನ್ನು ಇನ್ನೊಬ್ಬರು ಹೊರುತ್ತಾರೆ, ಆ ಭಾರ ನಿಜವಾಗಿಯೂ ನಿಮ್ಮಿಂದ ಹೊರಲಾಗದ್ದೇ ಎಂದು ಕೇಳಿಕೊಳ್ಳಿ. ಮಂಡಿ ನೋವೂ ಭಾರವೇ, ಗೊತ್ತಿಲ್ಲದ ಭಾಷೆಯೂ ಭಾರವೇ, ಮನೆಯವರ ಹೆದರಿಕೆಯೂ ಭಾರವೇ. ಅದಕ್ಕೆ ಹಣ ಕೊಟ್ಟರೆ ಅವಮಾನವೇನಿಲ್ಲ. ಆದರೆ ಒಮ್ಮೆ ಇಳಿಸಿದ ಭಾರಕ್ಕೆ ಪ್ರತಿವರ್ಷವೂ ಕೂಲಿ ಕೊಡುತ್ತ ಹೋಗಬೇಕಾಗಿಲ್ಲ.

ಮುಂದಿನ ಸಲ ಸಿಂಗಪುರಕ್ಕೆ ಹೋಗೋಣ ಎಂದು ವಿಜ್ಞಾನದ ಮೇಡಂ ಹೇಳುತ್ತಿದ್ದಾರೆ. ಹೋದರೆ ಪ್ಯಾಕೇಜಿನಲ್ಲೇ ಹೋಗುತ್ತೇವೆ. ಆ ನೀರು ನಮಗೆ ಹೊಸದು. ಕನ್ನಡದ ಮೇಡಂ ಆಗಲೇ ಮೂರು ಕಡೆಯ ಕರಪತ್ರ ತರಿಸಿ, ಯಾವುದು ಸೇರಿಲ್ಲ ಎಂಬುದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿಟ್ಟಿದ್ದಾರೆ.